ಯುಪಿಐಯ ಕೊನೆಯ ‘ಐ’

ಪ್ರಶ್ನೆ: ಇಂಟರ್‌ಫೇಸ್ ಎಂದರೆ ಮೊಬೈಲ್ ಪರದೆಯಲ್ಲಿ ಕಾಣುವ ಬಟನ್, ಮೆನು ಅಂದುಕೊಂಡಿದ್ದೆ. ಮಗಳು ‘ಅಷ್ಟೇ ಅಲ್ಲಮ್ಮ’ ಅಂತಾಳೆ. ಮತ್ತಿನ್ನೇನು?

ಉತ್ತರ: ಮಗಳು ಹೇಳಿದ್ದು ಸರಿ. ನೀವು ದಿನಾ ಬಳಸುವ ಯುಪಿಐ ಇದೆಯಲ್ಲ, ಅದರ ಪೂರ್ಣ ಹೆಸರು ಯೂನಿಫೈಡ್ ಪೇಮೆಂಟ್ಸ್ ಇಂಟರ್‌ಫೇಸ್. ಆ ‘ಐ’ಗೆ ಪರದೆಯೂ ಇಲ್ಲ, ಬಟನ್ನೂ ಇಲ್ಲ.

ತರಕಾರಿ ಅಂಗಡಿಯಲ್ಲಿ ಅಂಟಿಸಿರುವುದು ಫೋನ್‌ಪೇ ಕ್ಯೂಆರ್, ನಿಮ್ಮ ಕೈಯಲ್ಲಿರುವುದು ಗೂಗಲ್ ಪೇ. ಆದರೂ ದುಡ್ಡು ಹೋಗುತ್ತದೆ. ಆ ಕಪ್ಪು-ಬಿಳುಪು ಚೌಕದೊಳಗೆ ಅಡಗಿರುವುದು ಬರೀ ಒಂದು ಸಾಲು ಅಕ್ಷರ: ‘ಪಿಎ’ ಮುಂದೆ ದುಡ್ಡು ಪಡೆಯುವವರ ಯುಪಿಐ ವಿಳಾಸ, ‘ಪಿಎನ್’ ಮುಂದೆ ಹೆಸರು, ಬೇಕಿದ್ದರೆ ‘ಎಎಂ’ ಮುಂದೆ ಮೊತ್ತ. ಹೀಗೇ ಬರೆಯಬೇಕು, ಹೀಗೇ ಓದಬೇಕು ಎಂದು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಗೊತ್ತುಮಾಡಿದೆ. ನಿಮ್ಮ ಬ್ಯಾಂಕು ಒಳಗೆ ಹೇಗೆ ಲೆಕ್ಕ ಇಡುತ್ತದೆ ಎಂಬುದು ಅಂಗಡಿಯವರ ಬ್ಯಾಂಕಿಗೆ ಬೇಕಿಲ್ಲ. 2016ರಲ್ಲಿ ಯುಪಿಐ ಬರುವ ಮುಂಚೆ ಒಂದು ಕಂಪನಿಯ ವ್ಯಾಲೆಟ್ಟಿನ ದುಡ್ಡು ಇನ್ನೊಂದರ ವ್ಯಾಲೆಟ್ಟಿಗೆ ದಾಟುತ್ತಿರಲಿಲ್ಲ, ನೆನಪಿದೆಯೇ?

ಎರಡು ಬದಿಗಳು ಮುಟ್ಟುವ ಗಡಿ, ಅಲ್ಲಿ ಹೇಗೆ ಕೊಟ್ಟು ತೆಗೆದುಕೊಳ್ಳಬೇಕೆಂಬ ಕರಾರು. ಇಂಟರ್‌ಫೇಸ್ ಎಂದರೆ ಇಷ್ಟೇ. ಬಟನ್ನು ಮನುಷ್ಯನಿಗೂ ಯಂತ್ರಕ್ಕೂ ನಡುವಿನ ಗಡಿಯಾದ್ದರಿಂದ ಅದೂ ಇದೇ ಜಾತಿ. ಪದ ಕಂಪ್ಯೂಟರಿಗಿಂತ ಹಳೆಯದು. 19ನೇ ಶತಮಾನದ ಭೌತವಿಜ್ಞಾನದಲ್ಲಿ ಎರಡು ವಸ್ತುಗಳ ನಡುವಿನ ಮೇಲ್ಮೈಗೆ ಈ ಹೆಸರಿತ್ತು, ನೀರಿನ ಮೇಲೆ ಎಣ್ಣೆ ಕೂತಾಗ ನಡುವೆ ಕಾಣುತ್ತದಲ್ಲ, ಹಾಗೆ. (ಕೆಲವು ಕನ್ನಡ ತಂತ್ರಾಂಶಗಳಲ್ಲಿ ‘ಸಂಪರ್ಕಸಾಧನ’ ಎಂದಿದೆ. ನನಗಂತೂ ಅದನ್ನು ಓದಿದಾಗ ಕಣ್ಣಮುಂದೆ ಬರುವುದು ಹಳೇ ಲ್ಯಾಂಡ್‌ಲೈನ್ ಫೋನು.)

ಗೋಡೆಯ ಸಾಕೆಟ್ಟನ್ನೇ ನೋಡಿ. ಮಿಕ್ಸಿ ಮಾಡಿದವರೂ ಬೆಸ್ಕಾಂನವರೂ ಕೂತು ಮಾತಾಡಿಲ್ಲ. ಪಿನ್ನಿನ ಅಳತೆ, 230 ವೋಲ್ಟು, ಇಷ್ಟು ಮೊದಲೇ ಗೊತ್ತಾಗಿದ್ದರೆ ಸಾಕು. ಒಳ್ಳೆಯ ಇಂಟರ್‌ಫೇಸಿಗೆ ‘ಆಗಲ್ಲ’ ಅನ್ನುವುದೂ ಗೊತ್ತಿರುತ್ತದೆ. ಗೀಸರಿನ 16 ಆಂಪಿಯರ್ ಪ್ಲಗ್ಗಿನ ದಪ್ಪ ಪಿನ್ನು 6 ಆಂಪಿಯರ್ ಸಾಕೆಟ್ಟಿನೊಳಗೆ ಇಳಿಯುವುದೇ ಇಲ್ಲ. ಆ ಸಾಕೆಟ್ಟಿನ ವೈರು ಅಷ್ಟು ಕರೆಂಟು ತಾಳುವುದಿಲ್ಲ ಎಂಬ ಎಚ್ಚರಿಕೆ ಪಿನ್ನಿನ ಗಾತ್ರದಲ್ಲೇ ಇದೆ. ನಾವು ಬಿಡುತ್ತೇವೆಯೇ, ಅಂಗಡಿಯಿಂದ ಕನ್ವರ್ಟರ್ ತಂದು ಸಿಕ್ಕಿಸುತ್ತೇವೆ. ನಮ್ಮ ಬಚ್ಚಲುಮನೆ ಪಕ್ಕದ ಸಾಕೆಟ್ಟು ಕರಕಲಾಗಿದ್ದು ಹಾಗೆಯೇ.