ಒಂಬತ್ತು ಚದರ ಮೀಟರಿನಲ್ಲಿ ಒಂದು ಮನೆ: ಆರ್ಕಿಟೆಕ್ಟ್ ಕಚೇರಿಗೆ ಮೇಳದ ಮಳಿಗೆ

ಕಟ್ಟಡ ಸಾಮಗ್ರಿ ಮೇಳದಲ್ಲಿ ಟೈಲ್ಸ್‌ನವರು ಟೈಲ್ಸ್ ಇಡುತ್ತಾರೆ, ನಲ್ಲಿಯವರು ನಲ್ಲಿ ಇಡುತ್ತಾರೆ. ಆರ್ಕಿಟೆಕ್ಟ್ ಕಚೇರಿಗೆ ಹಾಗೆ ಎತ್ತಿ ಇಡುವ ಸರಕಿಲ್ಲ. ಅದಕ್ಕೇ ಹೆಚ್ಚಿನವರು ಮುಗಿದ ಕಟ್ಟಡಗಳ ಫೋಟೊಗಳನ್ನು ಗೋಡೆ ತುಂಬ ಅಂಟಿಸುತ್ತಾರೆ. ನೋಡಿದವರಿಗೆ ಒಂದೂ ನೆನಪಿರುವುದಿಲ್ಲ. ಒಂದೇ ಮನೆಯನ್ನು ಆರಿಸಿ ಅದರ ಸೆಕ್ಷನ್, ಅಂದರೆ ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ಒಳಗನ್ನು ತೋರಿಸುವ ನಕ್ಷೆ, ತೋರಿಸುವುದು ಮೇಲು. ವರ್ಷಕ್ಕೆ ಸುಮಾರು 3000 ಮಿಮೀ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಸೂರು ಎಷ್ಟು ಮುಂದೆ ಬಂದಿದೆ, ಪಾಯದ ಎತ್ತರ ಎಷ್ಟು, ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದೆಲ್ಲ ಸೆಕ್ಷನ್‌ನಲ್ಲೇ ಕಾಣುವುದು. ಫೋಟೊದಲ್ಲಿ ಅಲ್ಲ.

ಈ ಟಿಪ್ಪಣಿಗೆ ಉದಾಹರಣೆಯಾಗಿ ಅಂಕೋಲಾ–ಕುಮಟಾ ಕಡೆಯ ಒಂದು ಚಿರೇಕಲ್ಲಿನ ಮನೆ ಇಟ್ಟುಕೊಳ್ಳೋಣ: 9 × 12 ಮೀಟರ್, ಹಂಚಿನ ಮಾಡು, ಮಾಡಿನ ನೆತ್ತಿ 7 ಮೀಟರ್.

ಮೊದಲು ನಿಯಮ

1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಬಂದ 1989ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಆರ್ಕಿಟೆಕ್ಟ್ ತನ್ನ ಸೇವೆಯ ಜಾಹೀರಾತು ಮಾಡುವಂತಿಲ್ಲ, ಕೆಲವು ವಿನಾಯಿತಿಗಳಿವೆ. ಮಳಿಗೆ ಕಾದಿರಿಸುವ ಮೊದಲೇ ತಿದ್ದುಪಡಿಗಳ ಸಮೇತ ಅದನ್ನು ಓದಿ. 'ಚದರಡಿಗೆ ಇಷ್ಟು', 'ಈ ತಿಂಗಳು ರಿಯಾಯಿತಿ' ಎಂಬ ಬರಹಗಳಿಗೆ ಇಲ್ಲಿ ಜಾಗವೇ ಇಲ್ಲ. ಕರಪತ್ರವನ್ನೂ ರಾಶಿ ಹಾಕಿ ಹಂಚಬೇಡಿ. ಮಾತಾಡಿ, ಹೆಸರು ಬರೆದುಕೊಂಡವರಿಗೆ ಮಾತ್ರ ಕೊಡಿ. ಕೆಲಸವನ್ನು ವಿವರಿಸುವ ಮಳಿಗೆ ನಿಯಮಕ್ಕೂ ಹತ್ತಿರ, ನೋಡುವವರಿಗೂ ಹಿತ.

ಗೋಡೆಯ ಲೆಕ್ಕ

ಆಯೋಜಕರು ಕಟ್ಟಿಕೊಡುವ ಸಿದ್ಧ ಮಳಿಗೆ ಸಾಮಾನ್ಯವಾಗಿ 3 × 3 ಮೀಟರ್. ಅಲ್ಯುಮಿನಿಯಂ ಕಂಬಗಳ ನಡುವೆ ಒಂದೊಂದು ಮೀಟರಿನ ಪ್ಯಾನೆಲ್, ಎತ್ತರ ಸುಮಾರು 2.4 ಮೀಟರ್, ಮುಂದೆ ಹೆಸರಿನ ಪಟ್ಟಿ. ಸಾಲಿನ ನಡುವಿನ ಮಳಿಗೆಗೆ ಮೂರು ಬದಿ ಗೋಡೆ, ಅಂದರೆ 9 ಪ್ಯಾನೆಲ್. ಮೂಲೆಯದಕ್ಕೆ 6 ಮಾತ್ರ. ಮೂಲೆ ಮಳಿಗೆಗೆ ಜನ ಎರಡು ಕಡೆಯಿಂದ ಬರುತ್ತಾರೆ ನಿಜ, ಆದರೆ ನಮಗೆ ಬೇಕಾದದ್ದು ಗೋಡೆ. ಬಾಡಿಗೆ ಹೆಚ್ಚಿದ್ದರೆ ಸಾಲಿನದೇ ಸಾಕು.

ಹಿಂಬದಿಯ ಮೂರು ಮೀಟರ್ ಪೂರ್ತಿ ಸೆಕ್ಷನ್‌ಗೆ ಬಿಡಿ. 1:5 ಸ್ಕೇಲಿನಲ್ಲಿ, ಅಂದರೆ ನಿಜದ ಐದನೇ ಒಂದು ಅಳತೆಯಲ್ಲಿ, 12 ಮೀಟರಿನ ಮನೆ 2.4 ಮೀಟರ್ ಅಗಲ, 1.4 ಮೀಟರ್ ಎತ್ತರ ಆಗುತ್ತದೆ. ನೆಲದ ಗೆರೆಯನ್ನು 700 ಮಿಮೀ ಎತ್ತರಕ್ಕೆ ಇಟ್ಟರೆ ನೆತ್ತಿ 2100ಕ್ಕೆ ಬರುತ್ತದೆ. ಒಳಗೆ ನಿಂತ ಮನುಷ್ಯನ ಚಿತ್ರ 330 ಮಿಮೀ. ಇದು ದಾರಿಯಿಂದಲೇ ಮನೆಯೆಂದು ಗೊತ್ತಾಗುವ ಗಾತ್ರ.

ತೊಡಕು ಇರುವುದು ಪ್ಯಾನೆಲ್ ಕಂಬಗಳಲ್ಲಿ. ಸುಮಾರು 40 ಮಿಮೀ ಅಗಲದ ಕಂಬ ಒಂದು ಮತ್ತು ಎರಡನೇ ಮೀಟರಿಗೆ ಚಿತ್ರವನ್ನು ಕತ್ತರಿಸುತ್ತದೆ. ಇದರಿಂದಲೇ ಲಾಭ ಪಡೆಯಬಹುದು: 230 ಮಿಮೀ ದಪ್ಪದ ಚಿರೇಕಲ್ಲಿನ ಗೋಡೆ 1:5ರಲ್ಲಿ 46 ಮಿಮೀ, ಹೆಚ್ಚುಕಡಿಮೆ ಕಂಬದಷ್ಟೇ. ನಡುಮನೆ ಐದು ಮೀಟರ್ ಇದ್ದರೆ ಅದರ ಎರಡೂ ಗೋಡೆಗಳು ಸರಿಯಾಗಿ ಕಂಬಗಳ ಮೇಲೇ ಬರುತ್ತವೆ. ಅಲ್ಲಿ ಕೆಂಪು ವಿನೈಲ್ ಪಟ್ಟಿ ಅಂಟಿಸಿದರೆ ಕಂಬವೇ ಗೋಡೆ. ಮನೆಯ ಅಳತೆ ಹಾಗೆ ಹೊಂದದಿದ್ದರೆ ಮೂರು ಮೀಟರಿಗೂ ಒಂದೇ ಬಟ್ಟೆಯ ಪ್ರಿಂಟ್ ಮಾಡಿಸಿ ಚೌಕಟ್ಟಿಗೆ ಬಿಗಿಸಿ. ಪ್ಯಾನೆಲ್‌ನ ಕಾಣುವ ಅಳತೆ ಒಂದು ಮೀಟರಿಗಿಂತ ಕಮ್ಮಿ ಇರುತ್ತದೆ. ಆಯೋಜಕರ ಕೈಪಿಡಿ ನೋಡದೆ ಪ್ರಿಂಟ್‌ಗೆ ಕಳಿಸಿದರೆ ಅಂಚು ಕತ್ತರಿಸುತ್ತ ಕೂರಬೇಕಾಗುತ್ತದೆ. ಪ್ಯಾನೆಲ್‌ಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಎರಡು ಬದಿಯ ಟೇಪ್, ಕೊಕ್ಕೆ ಒಯ್ಯಿರಿ.

ಫ್ಲೆಕ್ಸ್ ಬೇಡ, ಬೆಳಕಿಗೆ ಮಿರುಗುತ್ತದೆ. 5 ಮಿಮೀ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ಮ್ಯಾಟ್ ಲ್ಯಾಮಿನೇಶನ್ ಮಾಡಿದ ವಿನೈಲ್ ಒಳ್ಳೆಯದು. ಪೂರ್ತಿ ಗಾತ್ರದಲ್ಲಿ 150 ಡಿಪಿಐ (ಇಂಚಿಗೆ 150 ಚುಕ್ಕೆ) ಧಾರಾಳ.

ಕನ್ನಡ ಅಕ್ಷರ

ಮೂರು ಮೀಟರ್ ದೂರದಿಂದ ನಿರಾಯಾಸವಾಗಿ ಓದಲು ಅಕ್ಷರ ಸುಮಾರು 25 ಮಿಮೀ ಇರಬೇಕು. ಈ ಅಳತೆ ಅಕ್ಷರದ ಮೈಗೆ ಮಾತ್ರ, ಒತ್ತಕ್ಷರ ಬಿಟ್ಟು. ಒತ್ತು ಕೆಳಗೆ ಇಳಿಯುವುದರಿಂದ ಸಾಲುಗಳ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ.

ಪ್ರಿಂಟ್ ಅಂಗಡಿಯಲ್ಲಿ ಆಗುವ ಎಡವಟ್ಟು ಇದಕ್ಕಿಂತ ದೊಡ್ಡದು. ನೀವು ಯುನಿಕೋಡಿನಲ್ಲಿ ಟೈಪ್ ಮಾಡಿರುತ್ತೀರಿ, ಅಲ್ಲಿನ ಹಳೆಯ ಕೋರೆಲ್ ಡ್ರಾ ವಿನ್ಯಾಸ ತಂತ್ರಾಂಶದಲ್ಲಿ ತೆರೆದಾಗ 'ವಾಸ್ತುಶಿಲ್ಪ' ಎಂಬುದರ ಒತ್ತು ಬಿಡಿಯಾಗಿ 'ವಾಸ್‌ತುಶಿಲ್‌ಪ' ಎಂದಾಗುತ್ತದೆ. ಅಕ್ಷರಗಳನ್ನು ಕರ್ವ್‌ಗೆ ಬದಲಿಸಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿ, ಪಿಡಿಎಫ್ ಮಾಡಿಯೇ ಕೊಡಿ. ಹೆಸರಿನ ಪಟ್ಟಿಯನ್ನು ಆಯೋಜಕರು ತಾವೇ ಬರೆಸುವುದು ವಾಡಿಕೆ. ಕನ್ನಡದಲ್ಲಿ ಬೇಕಿದ್ದರೆ ಹೀಗೆಯೇ ಚಿತ್ರರೂಪದಲ್ಲಿ ಕಳಿಸಿ.

ಮಾದರಿ ಮತ್ತು ಸಾಮಗ್ರಿ

1:50ರಲ್ಲಿ ಈ ಮನೆ 180 × 240 ಮಿಮೀ, ಮೇಳದ ಗದ್ದಲದಲ್ಲಿ ಕಾಣದೇ ಹೋಗುತ್ತದೆ. 1:20ಕ್ಕೆ ಏರಿಸಿ, ಉದ್ದಕ್ಕೆ ಸೀಳಿ ಅರ್ಧ ಮಾತ್ರ ಮಾಡಿ: 600 ಮಿಮೀ ಉದ್ದ, 225 ಆಳ, 350 ಎತ್ತರ. ಸೀಳಿದ ಮುಖ ದಾರಿಗೆ ತಿರುಗಿರಲಿ. ಸಾಮಾನ್ಯ ಮೇಜಿನ ಮೇಲಿಟ್ಟರೆ ಜನರಿಗೆ ಹಂಚು ಮಾತ್ರ ಕಾಣುತ್ತದೆ. ಪೀಠ 1050 ಮಿಮೀ ಇದ್ದರೆ ನಿಂತವರು ತುಸು ಬಾಗಿ ಒಳಗೆ ನೋಡಬಹುದು, ಗಾಲಿಕುರ್ಚಿಯಲ್ಲಿ ಬಂದವರಿಗೆ ಅದು ನೇರ ಕಣ್ಣಮಟ್ಟ. ಪೀಠದ ಒಳಗೇ ಚೀಲ, ಕರಪತ್ರ, ನೀರಿನ ಬಾಟಲಿ ಇಡಿ. ಪ್ರತ್ಯೇಕ ಸಾಮಾನು ಕೋಣೆ ಒಂದು ಚದರ ಮೀಟರ್ ನುಂಗುತ್ತದೆ.

ಪೀಠ ದಾರಿಯಂಚಿನಿಂದ ಒಂದು ಮೀಟರ್ ಒಳಗೆ, ಒಂದು ಬದಿಗೆ. ಆಯೋಜಕರು ಕೊಡುವ ಮೇಜನ್ನು ಎದುರಿಗೆ ಅಡ್ಡ ಇಟ್ಟು ಹಿಂದೆ ಕುಳಿತರೆ ಯಾರೂ ಒಳಗೆ ಬರುವುದಿಲ್ಲ. ಅದು ಹಿಂಮೂಲೆಗೆ ಹೋಗಲಿ.

ನಿಜವಾದ ಸಾಮಗ್ರಿ ಇರಲೇಬೇಕು, ಜನ ಮುಟ್ಟಿ ನೋಡುತ್ತಾರೆ. ಆದರೆ ತೂಕ ನೋಡಿ. ಒಂದು ಚಿರೇಕಲ್ಲು ಸುಮಾರು 30 ಕೆಜಿ. 50 ಮಿಮೀ ದಪ್ಪಕ್ಕೆ ಸೀಳಿಸಿದ ಚಪ್ಪಡಿ ಸಾಕು. ಕೆಂಪು ಪುಡಿ ಉದುರುವುದರಿಂದ ಅಂಚಿರುವ ತಟ್ಟೆಯಲ್ಲಿಡಿ. ಹಂಚಿನ ಸೂರನ್ನೇ ಹೆಸರಿನ ಪಟ್ಟಿಗೆ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಚದರ ಮೀಟರಿಗೆ ಹದಿನೈದರಷ್ಟು ಹಂಚು, ಮೂವತ್ತು ಕೆಜಿಗೂ ಮೇಲೆ. ಆ ತೆಳು ಚೌಕಟ್ಟು ಅದಕ್ಕಾಗಿ ಮಾಡಿದ್ದಲ್ಲ. ನಾಲ್ಕು ಹಂಚನ್ನು ರೀಪಿನ ಮೇಲೆ ಜೋಡಿಸಿ ನೆಲದ ಮೇಲೇ ಓರೆಯಾಗಿ ನಿಲ್ಲಿಸಿ. ನೀರು ಹೇಗೆ ಜಾರುತ್ತದೆ ಎಂದು ಅಲ್ಲೇ ತೋರಿಸಬಹುದು.

ಬೆಳಕು

ಬಾಡಿಗೆಯ ಜೊತೆ ಬರುವ ಸ್ಪಾಟ್‌ಲೈಟ್‌ಗಳನ್ನು ಹೆಸರಿನ ಪಟ್ಟಿಯ ಹಿಂಬದಿಗೆ ಸಿಕ್ಕಿಸಿರುತ್ತಾರೆ. ಅಲ್ಲಿಂದ ಬೆಳಕು ನೋಡುಗನ ಬೆನ್ನಿಗೆ ಬಿದ್ದು ಅವನ ನೆರಳೇ ಸೆಕ್ಷನ್ ಮೇಲೆ ಕೂರುತ್ತದೆ. ಹಿಂಗೋಡೆಯ ತಲೆಯಿಂದ ಅರ್ಧ ಮೀಟರ್ ಮುಂದೆ ಚಾಚುವ ತೋಳಿನ ದೀಪ ಕೇಳಿ, ಪ್ಯಾನೆಲ್‌ಗೆ ಒಂದರಂತೆ. 12 ವ್ಯಾಟಿನ ಆರು ಎಲ್‌ಇಡಿ, ಒಂದು ಟಿವಿ, ಲ್ಯಾಪ್‌ಟಾಪ್ ಸೇರಿದರೂ ಅರ್ಧ ಕಿಲೋವ್ಯಾಟ್ ದಾಟುವುದಿಲ್ಲ. ಹೆಚ್ಚುವರಿ ವಿದ್ಯುತ್ತಿಗೆ ಹಣ ಕಟ್ಟುವ ಮುನ್ನ ಈ ಲೆಕ್ಕ ಹಾಕಿ.

ಕಡಲ ದಂಡೆಯ ಮೇಳವಾದರೆ

ಕಾರವಾರದ ಟಾಗೋರ್ ಕಡಲತೀರದಂಥ ಕಡೆ ಶಾಮಿಯಾನಾದಲ್ಲಿ ಮಳಿಗೆ ಹಾಕುವುದಾದರೆ ಲೆಕ್ಕ ಬದಲಾಗುತ್ತದೆ. ಮರಳಿನಲ್ಲಿ ಪೀಠ ವಾಲುತ್ತದೆ. ಕೆಳಗೆ ಮರದ ಚೌಕಟ್ಟು, ಮೇಲೆ 18 ಮಿಮೀ ಪ್ಲೈವುಡ್ ಹಾಸಿ ಮಟ್ಟ ನೋಡಿ. ಮಧ್ಯಾಹ್ನದ ಕಡಲಗಾಳಿಗೆ ನೇತುಹಾಕಿದ ಬೋರ್ಡುಗಳು ಬಡಿದಾಡುತ್ತವೆ, ಕೆಳಗಿನ ಎರಡು ಮೂಲೆಗಳನ್ನೂ ಕಟ್ಟಬೇಕು. ಎಂಡಿಎಫ್‌ನಲ್ಲಿ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮಾಡಿದ ಮಾದರಿಯ ಅಂಚು ತೇವಕ್ಕೆ ಉಬ್ಬುತ್ತದೆ. ಕತ್ತರಿಸಿದ ಅಂಚುಗಳಿಗೆ ಮೊದಲೇ ಸೀಲರ್ ಬಳಿದು, ರಾತ್ರಿ ಮಾದರಿಯನ್ನು ಪೆಟ್ಟಿಗೆಗೆ ಹಾಕಿ.

ದೂರದ ಮೇಳಕ್ಕೆ, ಶಿರಸಿಯಿಂದ ಬೆಂಗಳೂರಿಗೆ ಎನ್ನಿ, ಮಾದರಿ ಸಾಗಿಸುವಾಗ ಅದರ ಮಾಡನ್ನು ಅಂಟಿಸದೆ ಬಿಡಿಯಾಗಿ ಕಟ್ಟಿ. ಸುಮಾರು 400 ಕಿಲೋಮೀಟರ್ ಕುಲುಕಾಟಕ್ಕೆ ಮೊದಲು ಬಿಡುವುದು ಸೂರಿನ ಕೀಲು. ಕಲ್ಲಿನ ಚಪ್ಪಡಿ ಬೇರೆ ಪೆಟ್ಟಿಗೆಯಲ್ಲಿರಲಿ. ಅಂಟು, ಬ್ಲೇಡು, ಟೇಪು, ಹೆಚ್ಚುವರಿ ಹಂಚಿನ ತುಂಡುಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.