ಕೊಚ್ಚಿಹೋಗದ ಮಣ್ಣಿನ ಲೆಕ್ಕ

ಜೋರು ಮಳೆ ನಿಂತ ಮೇಲೆ ಇಳಿಜಾರು ಹೊಲದ ಕೆಳಗಂಚಿಗೆ ಹೋಗಿ ನೋಡಿದರೆ, ಒತ್ತಾಗಿ ಬೆಳೆದ ಹುಲ್ಲಿನ ಬುಡಗಳ ಸುತ್ತ ಬೆರಳು ದಪ್ಪದ ನುಣುಪಾದ ಮಣ್ಣು ಕೂತಿರುತ್ತದೆ. ಹುಲ್ಲು ಇರದಿದ್ದರೆ ಅದು ಅಷ್ಟರಲ್ಲಿ ಹಳ್ಳ ಸೇರಿ, ಹೊಳೆಗಿಳಿದು, ಯಾವುದೋ ಜಲಾಶಯದ ಹೂಳಾಗುವ ದಾರಿ ಹಿಡಿದಿರುತ್ತಿತ್ತು.

ಹರಿಯುವ ನೀರು ಉರುಳಿಸಬಲ್ಲ ಅತಿ ಭಾರದ ಕಲ್ಲಿನ ತೂಕವು ನೀರಿನ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿದ್ದ ಸೂತ್ರ. ವೇಗ ಇಮ್ಮಡಿಯಾದರೆ 64 ಪಟ್ಟು ಭಾರದ ಕಲ್ಲು ಕದಲುತ್ತದೆ. ವೇಗ ಅರ್ಧಕ್ಕಿಳಿದರೆ ಆ ಸಾಮರ್ಥ್ಯ 64ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಜೇಡಿಮಣ್ಣಿನ ಕಣಗಳಿಗೆ ಈ ಲೆಕ್ಕ ಹಾಗೆಯೇ ಒಪ್ಪದಿದ್ದರೂ, ವೇಗ ತುಸುವೇ ತಗ್ಗಿದರೂ ಹೊರುವ ಶಕ್ತಿ ಬಹಳವಾಗಿ ತಗ್ಗುತ್ತದೆ ಎಂಬ ತತ್ವ ಅಲ್ಲಿಯೂ ನಿಲ್ಲುತ್ತದೆ. ದಣಿದ ಹಮಾಲಿ ಮೊದಲು ಅತಿ ಭಾರದ ಮೂಟೆಯನ್ನು ಇಳಿಸುವಂತೆ, ರಾಶಿ ತೂರುವಾಗ ಗಾಳಿ ಬಿದ್ದರೆ ಜೊಳ್ಳೂ ಕಾಳಿನ ಪಕ್ಕದಲ್ಲೇ ಉದುರುವಂತೆ, ಗಡುಸು ಕಾಂಡಗಳ ನಡುವೆ ನುಸುಳುವ ನೀರು ತನ್ನ ಹೊರೆಯನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುತ್ತದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ 2007ರಲ್ಲಿ ಆರಂಭವಾದ ಪ್ರಯೋಗದಲ್ಲಿ, ಮೆಕ್ಕೆಜೋಳ ಮತ್ತು ಸೋಯಾ ಹೊಲದ ಕೇವಲ ಶೇ. 10ರಷ್ಟು ಭಾಗವನ್ನು ಸ್ಥಳೀಯ ಹುಲ್ಲು ಮತ್ತು ಹೂಗಿಡಗಳ ಪಟ್ಟಿಗಳಿಗೆ ಬಿಟ್ಟಾಗ ಕೊಚ್ಚಿಹೋಗುವ ಮಣ್ಣು ಸುಮಾರು ಶೇ. 95ರಷ್ಟು ಕಡಿಮೆಯಾಯಿತು.

ಆದರೆ ಆ ಹತ್ತನೆಯ ಒಂದು ಪಾಲಿನ ಬೆಳೆಯನ್ನು ಕಳೆದುಕೊಳ್ಳುವವನು ರೈತ. ತಿಳಿನೀರು ಸಿಗುವುದು ಹೊಳೆಯ ಕೆಳಗಿನವರಿಗೆ. ಕೊಚ್ಚಿಹೋಗದೆ ಉಳಿದ ಮಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥವರನ್ನು ಗುರುತಿಸಿ ಗೌರವಿಸುವುದೆಂದರೆ ಒಂದು ಶಾಲು, ಒಂದು ಫಲಕ ಎಂದು ತಿಳಿಯುವುದು ತಪ್ಪು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೂನ್ ಕಣಿವೆಯಲ್ಲಿ 1933ರಲ್ಲಿ ಮಣ್ಣಿನ ಸವಕಳಿ ತಡೆಯುವ ಯೋಜನೆ ಆರಂಭವಾದಾಗ ನೂರಾರು ರೈತರು ಐದು ವರ್ಷಗಳ ಒಪ್ಪಂದಕ್ಕೆ ತಾವಾಗಿಯೇ ಸಹಿ ಹಾಕಿದರು. ಆ ಕೆಲಸವನ್ನು ಹತ್ತಿರದಿಂದ ಕಂಡಿದ್ದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಮುಂದೆ ನೋವಿನಿಂದಲೇ ಬರೆದರು: ಅವಧಿ ಮುಗಿದ ಮೇಲೆ ರೈತರು ಉಳಿಸಿಕೊಂಡದ್ದು ಕೂಡಲೇ ಲಾಭ ಕೊಟ್ಟ ಪದ್ಧತಿಗಳನ್ನು ಮಾತ್ರ. ಭೂಮಿಯ ಬಗೆಗಿನ ಹೊಣೆ ಮನಸ್ಸಿನಲ್ಲಿ ಬೇರೂರದೆ ಹಣವೊಂದೇ ಸಾಲದು ಎಂಬುದು ಅವರ ವಾದ. ಅವರ ಹೆಸರಿನ ಸಂರಕ್ಷಣಾ ಪ್ರಶಸ್ತಿಯನ್ನು 2003ರಿಂದ ಅಮೆರಿಕದ ಭೂಮಾಲೀಕರಿಗೆ ನೀಡಲಾಗುತ್ತಿದೆ.

ಇಂಥ ಗೌರವದ ನಿಜವಾದ ಬಲ ಇರುವುದು ಬೇಲಿಯಾಚೆ. ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳವನ್ನು ಹೇಗೆ ಒಪ್ಪಿಕೊಂಡರೆಂಬ 1943ರ ಪ್ರಸಿದ್ಧ ಅಧ್ಯಯನದಲ್ಲಿ, ಸುದ್ದಿ ಮುಟ್ಟಿಸಿದವರು ಹೆಚ್ಚಾಗಿ ಬೀಜದ ಮಾರಾಟಗಾರರಾದರೂ ನಂಬಿಕೆ ಹುಟ್ಟಿಸಿದವರು ನೆರೆಹೊರೆಯವರು ಎಂದು ತಿಳಿದುಬಂತು. ಆದ್ದರಿಂದ ಗೌರವ ಸಮಾರಂಭ ಸಭಾಂಗಣದಲ್ಲಿ ನಡೆಯುವುದಕ್ಕಿಂತ ಆ ರೈತನ ಹೊಲದಲ್ಲೇ, ಸಾಧ್ಯವಾದರೆ ಮಳೆಯ ಮರುದಿನವೇ ನಡೆಯಬೇಕು. ಪಕ್ಕದ ಹೊಲದವನು ಬಗ್ಗಿ, ಹುಲ್ಲಿನ ಬುಡದಲ್ಲಿ ನಿಂತ ಮಣ್ಣನ್ನು ತಾನೇ ಕೈಯಾರೆ ಮುಟ್ಟಿ ನೋಡುವಂತಾಗಬೇಕು.