ಶೈತ್ಯದಲ್ಲಿ ಉಳಿದ ಭ್ರೂಣಗಳು

ಐವಿಎಫ್ ಚಿಕಿತ್ಸೆಯಲ್ಲಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಒಂದೇ ಋತುಚಕ್ರದಲ್ಲಿ ಹಲವು ಅಂಡಾಣುಗಳು ಮಾಗುವಂತೆ ಮಾಡುತ್ತಾರೆ. ಅವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ವೀರ್ಯಾಣುಗಳೊಡನೆ ಸೇರಿಸಿದಾಗ ಒಂದಕ್ಕಿಂತ ಹೆಚ್ಚು ಭ್ರೂಣಗಳು ರೂಪುಗೊಳ್ಳಬಹುದು. ಆದರೆ ಅವಳಿ, ತ್ರಿವಳಿ ಬಸಿರಿನ ಅಪಾಯವನ್ನು ತಪ್ಪಿಸಲು ಗರ್ಭಕೋಶಕ್ಕೆ ಸೇರಿಸುವುದು ಸಾಮಾನ್ಯವಾಗಿ ಒಂದನ್ನೋ ಎರಡನ್ನೋ ಮಾತ್ರ. ಮಿಕ್ಕ ಭ್ರೂಣಗಳನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇರಿಸಲಾಗುತ್ತದೆ.

ಈ ಶೈತ್ಯೀಕರಣದ ಚರಿತ್ರೆಯಲ್ಲಿ ಕೋಲ್ಕತ್ತದ ವೈದ್ಯ ಸುಭಾಷ್ ಮುಖರ್ಜಿ ಅವರಿಗೆ ದೊಡ್ಡ ಸ್ಥಾನವಿದೆ. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿ ಮೂರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 3ರಂದು, ಅವರ ಪ್ರಯತ್ನದಿಂದ ಹೆಣ್ಣು ಮಗುವೊಂದು ಜನಿಸಿತು. ಹಾರ್ಮೋನಿನಿಂದ ಪ್ರಚೋದನೆಗೊಂಡ ಚಕ್ರದಲ್ಲಿ ಗರ್ಭಕೋಶದ ಒಳಪದರ ಭ್ರೂಣವನ್ನು ಸ್ವೀಕರಿಸಲು ಹದವಾಗಿರುವುದಿಲ್ಲವೆಂದು ಬಗೆದ ಅವರು ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು, ಮುಂದಿನ ಸಹಜ ಚಕ್ರವೊಂದರಲ್ಲಿ ಸೇರಿಸಿದ್ದರು. ಇಂದು ಅನೇಕ ಕೇಂದ್ರಗಳು ಎಲ್ಲ ಭ್ರೂಣಗಳನ್ನೂ ಮೊದಲು ಶೈತ್ಯೀಕರಿಸಿ ಆನಂತರ ವರ್ಗಾಯಿಸುವ ಕ್ರಮದ ಹಿಂದೆ ಇದೇ ತರ್ಕವಿದೆ. ಆದರೂ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರನಾಳ ಶಿಶುವಿನ ಹಿಂದಿದ್ದ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್, ಮುಖರ್ಜಿಯವರ ಟಿಪ್ಪಣಿಗಳನ್ನು ಪರಿಶೀಲಿಸಿ, ‘ದೇಶದ ಮೊದಲಿಗ’ ಎಂಬ ತಮ್ಮ ಹಿರಿಮೆಯನ್ನು 1997ರಲ್ಲಿ ತಾವಾಗಿಯೇ ಅವರಿಗೆ ಬಿಟ್ಟುಕೊಟ್ಟರು. ವಿಜ್ಞಾನಲೋಕದಲ್ಲಿ ಇಂಥ ನಡೆ ಅಪರೂಪ.

ಜೀವಕೋಶವನ್ನು ಶೈತ್ಯೀಕರಿಸುವಾಗ ಎದುರಾಗುವ ಮುಖ್ಯ ಅಪಾಯವೆಂದರೆ ಒಳಗಿನ ನೀರು ಹರಳುಗಟ್ಟಿ ಕೋಶವನ್ನು ಹರಿದುಹಾಕುವುದು. ಈಗ ಬಳಕೆಯಲ್ಲಿರುವ ವಿಟ್ರಿಫಿಕೇಶನ್ ವಿಧಾನದಲ್ಲಿ ರಕ್ಷಕ ದ್ರಾವಣಗಳಿಂದ ಕೋಶದ ನೀರನ್ನು ಬಹುಮಟ್ಟಿಗೆ ಹೊರಸೆಳೆದು, ಹರಳು ಕಟ್ಟಲು ಅವಕಾಶವೇ ಸಿಗದಷ್ಟು ವೇಗವಾಗಿ ತಂಪಾಗಿಸುವುದರಿಂದ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಆ ತಾಪಮಾನದಲ್ಲಿ ರಾಸಾಯನಿಕ ಕ್ರಿಯೆಗಳು ನಿಂತೇಹೋದಂತೆ. ಆದ್ದರಿಂದ ಗರ್ಭ ನಿಲ್ಲುವ ಸಾಧ್ಯತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಭ್ರೂಣ ಶೈತ್ಯದಲ್ಲಿ ಕಳೆದ ವರ್ಷಗಳಲ್ಲ, ಅಂಡಾಣುವನ್ನು ತೆಗೆದಾಗ ಅದನ್ನು ಕೊಟ್ಟ ಮಹಿಳೆಗಿದ್ದ ವಯಸ್ಸು. ಅಮೆರಿಕದಲ್ಲಿ 1994ರಲ್ಲಿ ಶೈತ್ಯೀಕರಿಸಿದ್ದ ಭ್ರೂಣವೊಂದರಿಂದ, ಅದನ್ನು ದತ್ತು ಪಡೆದ ದಂಪತಿಗೆ 2025ರ ಜುಲೈನಲ್ಲಿ ಮಗು ಹುಟ್ಟಿದೆ.

ಭ್ರೂಣಗಳನ್ನು ಹೀಗೆ ದತ್ತು ಕೊಡಿಸುವ ‘ಸ್ನೋಫ್ಲೇಕ್ಸ್’ ಕಾರ್ಯಕ್ರಮವನ್ನು ಕ್ಯಾಲಿಫೋರ್ನಿಯಾದ ಕ್ರೈಸ್ತ ದತ್ತು ಸಂಸ್ಥೆಯೊಂದು 1997ರಲ್ಲಿ ಆರಂಭಿಸಿತು. ಮಗುವನ್ನು ದತ್ತು ಪಡೆಯುವಾಗ ನಡೆಯುವಂತೆಯೇ ಇಲ್ಲಿಯೂ ಪಡೆಯುವವರ ಮನೆಯ ಪರಿಶೀಲನೆ ನಡೆಯುತ್ತದೆ. ಆದರೆ ಅಲ್ಲಿನ ಬಹುತೇಕ ರಾಜ್ಯಗಳ ದತ್ತು ಕಾನೂನು ಹುಟ್ಟಿದ ಮಗುವಿಗಷ್ಟೇ ಅನ್ವಯಿಸುವುದರಿಂದ, ಭ್ರೂಣದ ಹಸ್ತಾಂತರ ನಡೆಯುವುದು ಕರಾರಿನ ಮೂಲಕ.

ಭಾರತ ಬೇರೆ ದಾರಿ ಹಿಡಿದಿದೆ. 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ಭ್ರೂಣವನ್ನು ಸಾಮಾನ್ಯವಾಗಿ ಹತ್ತು ವರ್ಷಗಳವರೆಗೆ ಮಾತ್ರ ಇಡಬಹುದು. ಬಳಿಕ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆಯಿದ್ದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಮಾರಾಟ, ವರ್ಗಾವಣೆಗಳಿಗೆ ನಿಷೇಧವಿದೆ. ಸ್ವಂತ ಬಳಕೆಗೆ ಸಾಗಿಸುವುದಕ್ಕೂ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಭ್ರೂಣ ವ್ಯಾಪಾರವನ್ನು ತಡೆಯಲು ಈ ಬಿಗಿ ಅಗತ್ಯವೇ ಸರಿ, ಆದರೆ ತಮ್ಮ ಭ್ರೂಣವನ್ನು ಮಕ್ಕಳಿಲ್ಲದ ಇನ್ನೊಂದು ದಂಪತಿಗೆ ಉಚಿತವಾಗಿ ಕೊಡಬಯಸುವವರಿಗೂ ಅದು ಬಾಗಿಲು ಮುಚ್ಚಿದಂತಾಗಿದೆ ಎಂಬುದು ನನ್ನ ಅಭಿಪ್ರಾಯ. ದಂಪತಿಯಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಅಶಕ್ತರಾದರೆ ಭ್ರೂಣವನ್ನು ಏನು ಮಾಡಬೇಕೆಂಬ ಲಿಖಿತ ಸೂಚನೆಯನ್ನು ಶೈತ್ಯೀಕರಣಕ್ಕೆ ಮೊದಲೇ ಪಡೆಯುವುದು ಕಡ್ಡಾಯವಾಗಿರುವುದರಿಂದ, ಚಿಕಿತ್ಸೆಗೆ ಹೋಗುವವರು ಆ ನಮೂನೆಯನ್ನು ಮನೆಗೆ ಒಯ್ದು, ಓದಿ, ಇಬ್ಬರೂ ಮಾತಾಡಿಕೊಂಡು ಸಹಿ ಹಾಕುವುದು ಒಳ್ಳೆಯದು.